ಪುಡಿಯ ಕವಚದೊಳಗಿನ ಹನಿ: ದ್ರವಗೋಲಿಗಳನ್ನು ತಯಾರಿಸಿ ಮೈಕ್ರೋಫ್ಲೂಯಿಡಿಕ್ಸ್ ಪ್ರಯೋಗಗಳಿಗೆ ಬಳಸುವ ಸಮಗ್ರ ಮಾರ್ಗದರ್ಶಿ

ಮೈಕ್ರೋಲೀಟರ್ ಮತ್ತು ಅದಕ್ಕಿಂತ ಕಡಿಮೆ ಪ್ರಮಾಣದ ದ್ರವಗಳನ್ನು ಹಿಡಿತದಲ್ಲಿಟ್ಟುಕೊಂಡು ಸಾಗಿಸುವ, ಬೆರೆಸುವ, ಪರೀಕ್ಷಿಸುವ ವಿದ್ಯೆಗೆ ಮೈಕ್ರೋಫ್ಲೂಯಿಡಿಕ್ಸ್ ಎಂದು ಹೆಸರು. ಈ ಕೆಲಸಕ್ಕೆ ಸಾಮಾನ್ಯವಾಗಿ ಕೂದಲೆಳೆಯಷ್ಟು ಸಪೂರವಾದ ಕಾಲುವೆಗಳಿರುವ ಚಿಪ್ ಬೇಕು, ದ್ರವವನ್ನು ತಳ್ಳುವ ಪಂಪು ಬೇಕು, ಚಿಪ್ಪಿನ ಅಚ್ಚು ತಯಾರಿಸಲು ಧೂಳಿಲ್ಲದ ಕೋಣೆ ಬೇಕು. ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ ಇವೆಲ್ಲ ಒಟ್ಟಿಗೆ ಇರುವುದು ಅಪರೂಪ. ಆದರೆ ನೀರನ್ನು ಒಲ್ಲದ ಪುಡಿಯಲ್ಲಿ ಒಂದು ಹನಿಯನ್ನು ಹೊರಳಿಸಿದರೆ ಪುಡಿಯ ಕಣಗಳು ಹನಿಯ ಮೈಗೆ ಅಂಟಿಕೊಂಡು ತೆಳ್ಳನೆಯ ಕವಚವಾಗುತ್ತವೆ, ಮತ್ತು ಆ ಹನಿ ಗಾಜನ್ನಾಗಲಿ ಬೆರಳನ್ನಾಗಲಿ ಒದ್ದೆ ಮಾಡದೆ ಗೋಲಿಯಂತೆ ಉರುಳುತ್ತದೆ. ಲಿಕ್ವಿಡ್ ಮಾರ್ಬಲ್ ಅಥವಾ ದ್ರವಗೋಲಿ ಎಂದು ಕರೆಯುವ ಈ ವಸ್ತುವನ್ನು ಸಂಶೋಧನೆಯ ಮುನ್ನೆಲೆಗೆ ತಂದವರು ಫ್ರಾನ್ಸಿನ ಪಾಸ್ಕಾಲ್ ಒಸಿಲೂಸ್ ಮತ್ತು ಡೇವಿಡ್ ಕೇರೇ. ಅವರ ಕಿರುಲೇಖನ 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ನಿಸರ್ಗದಲ್ಲಿ ಈ ಉಪಾಯ ಅದಕ್ಕೂ ಬಹಳ ಹಳೆಯದು. ಎಲೆಗಂಟುಗಳೊಳಗೆ ಗುಂಪಾಗಿ ವಾಸಿಸುವ ಕೆಲವು ಸಸ್ಯಹೇನುಗಳು ತಾವು ವಿಸರ್ಜಿಸುವ ಅಂಟುಸಿಹಿಯ ಹನಿಗಳಲ್ಲಿ ಮುಳುಗಿ ಸಾಯದಂತೆ, ಆ ಹನಿಗಳಿಗೆ ತಮ್ಮದೇ ಮೈಯಿಂದ ಒಸರುವ ಮೇಣದ ಪುಡಿಯನ್ನು ಬಳಿದು, ಉರುಳಿಸಿ ಹೊರಹಾಕುತ್ತವೆ.

ಈ ಮಾರ್ಗದರ್ಶಿಯನ್ನು ವಿಜ್ಞಾನದ ವಿದ್ಯಾರ್ಥಿಗಳಿಗೆ ಮತ್ತು ಅವರಿಗೆ ಪ್ರಯೋಗ ಹೇಳಿಕೊಡುವ ಅಧ್ಯಾಪಕರಿಗೆ ಎಂದು ಬರೆದಿದೆ. ಇದರುದ್ದಕ್ಕೂ ಒತ್ತಿ ಹೇಳುವ ಮಾತು ಒಂದೇ: ಗೋಲಿಯೊಳಗೆ ಏನು ನಡೆಯಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಅನಂತರ ಪುಡಿಯನ್ನು ಆರಿಸಬೇಕು. ಪುಡಿಯೇ ಇಲ್ಲಿ ಪಾತ್ರೆಯ ಗೋಡೆ. ಪಾರದರ್ಶಕ ಗೋಡೆ ಬೇಕಾದಲ್ಲಿ ಕಪ್ಪು ಗೋಡೆಯನ್ನು ಕಟ್ಟಿಕೊಂಡರೆ ಮುಂದಿನ ಶ್ರಮವೆಲ್ಲ ವ್ಯರ್ಥ.

ಹನಿಗೆ ಪುಡಿ ಅಂಟುವುದೇಕೆ, ದ್ರವ ಹೊರಬಾರದಿರುವುದೇಕೆ

ಕೆಸುವಿನ ಎಲೆಯ ಮೇಲೆ ಮಳೆಹನಿ ಮುತ್ತಾಗಿ ಉರುಳುವುದನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ನೀರನ್ನು ದೂರವಿಡುವ ಗುಣ ಎಲೆಗೆ ಸೇರಿದ್ದು, ಹಾಗಾಗಿ ಎಲೆಯಿಂದ ಜಾರಿದ ಹನಿ ನೆಲ ಮುಟ್ಟಿದೊಡನೆ ಇಂಗಿಹೋಗುತ್ತದೆ. ದ್ರವಗೋಲಿಯಲ್ಲಿ ಅದೇ ಗುಣವನ್ನು ಹನಿಯೇ ಮೈಮೇಲೆ ಹೊತ್ತು ತಿರುಗುತ್ತದೆ, ಆದ್ದರಿಂದ ಅದನ್ನು ಗಾಜು, ಕಾಗದ, ಮರ, ಕೊನೆಗೆ ನೀರಿನ ಮೇಲೂ ಇಡಬಹುದು.

ಒಂದು ಕಣವು ನೀರು ಮತ್ತು ಗಾಳಿಯ ನಡುವಿನ ಮೇಲ್ಮೈಯಲ್ಲಿ ಕುಳಿತಾಗ ಆ ಮೇಲ್ಮೈಯ ಒಂದಷ್ಟು ಭಾಗವನ್ನು ಮುಚ್ಚುತ್ತದೆ, ಮೇಲ್ಮೈ ಶಕ್ತಿ ಅಷ್ಟರ ಮಟ್ಟಿಗೆ ತಗ್ಗುತ್ತದೆ, ಕಣ ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತದೆ. ನೀರಿನ ಮೇಲ್ಮೈ ಎಳೆತ ಕೊಠಡಿಯ ಉಷ್ಣತೆಯಲ್ಲಿ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ನೀರಿನ ಮೇಲ್ಮೈ ಕಣದ ಮೈಯನ್ನು ಸಂಧಿಸುವಲ್ಲಿ ನೀರಿನ ಬದಿಯಿಂದ ಅಳೆದ ಕೋನಕ್ಕೆ ಸ್ಪರ್ಶಕೋನ ಎಂದು ಹೆಸರು, ಅದು ಹೆಚ್ಚಿದಷ್ಟೂ ಕಣ ನೀರನ್ನು ದೂರವಿಡುತ್ತದೆ. ಒಂದು ಮೈಕ್ರೋಮೀಟರ್ ತ್ರಿಜ್ಯದ, ಸುಮಾರು 110 ಡಿಗ್ರಿ ಸ್ಪರ್ಶಕೋನವಿರುವ ಟೆಫ್ಲಾನ್ ಕಣವನ್ನು ಆ ಮೇಲ್ಮೈಯಿಂದ ಗಾಳಿಯ ಕಡೆಗೆ ಕೀಳಲು ಬೇಕಾಗುವ ಶಕ್ತಿಯನ್ನು ಲೆಕ್ಕಹಾಕಿದರೆ, ಅದು ಕಣಗಳ ಉಷ್ಣಚಲನೆಯ ಶಕ್ತಿಯ ಒಂದು ಕೋಟಿ ಪಟ್ಟಿಗಿಂತಲೂ ಹೆಚ್ಚು. ಆದ್ದರಿಂದ ಒಮ್ಮೆ ಅಂಟಿದ ಕಣ ತಾನಾಗಿ ಬಿಟ್ಟುಹೋಗುವುದಿಲ್ಲ. ಸ್ಪರ್ಶಕೋನವು 90 ಡಿಗ್ರಿಗಿಂತ ಕಡಿಮೆಯಿದ್ದರೆ ಕಣದ ಹೆಚ್ಚಿನ ಭಾಗ ನೀರಿನೊಳಗೆ ಮುಳುಗಿರುತ್ತದೆ, ಕಣಗಳ ಸಂದಿಗಳಲ್ಲಿ ನೀರು ಹೊರಗಿಣುಕುತ್ತದೆ, ಗೋಲಿ ನೆಲಕ್ಕೆ ಅಂಟುತ್ತದೆ. ಕೋನ 180 ಡಿಗ್ರಿಯನ್ನು ಸಮೀಪಿಸಿದರೆ ಕಣಕ್ಕೆ ನೀರಿನ ಮೇಲೆ ಹಿಡಿತವೇ ಇರುವುದಿಲ್ಲ. ನೀರನ್ನು ಅತಿಯಾಗಿ ದ್ವೇಷಿಸುವ ಪುಡಿಯೇ ಉತ್ತಮ ಎಂಬ ಊಹೆ ಅಷ್ಟೊಂದು ಸರಿಯಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಗಾತ್ರದ ವಿಷಯದಲ್ಲಿ ನೆನಪಿಡಬೇಕಾದ ಅಳತೆ 2.7 ಮಿಲಿಮೀಟರ್. ಇದು ನೀರಿನ ಕ್ಯಾಪಿಲರಿ ಉದ್ದ, ಅಂದರೆ ಮೇಲ್ಮೈ ಎಳೆತ ಮತ್ತು ಗುರುತ್ವ ಸರಿಸಮವಾಗಿ ಸೆಣಸುವ ಅಳತೆ. 10 ಮೈಕ್ರೋಲೀಟರ್ ಹನಿಯ ವ್ಯಾಸ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ, ಅಂತಹ ಗೋಲಿ ಬಹುಪಾಲು ದುಂಡಗಿದ್ದು ಬುಡದಲ್ಲಿ ಮಾತ್ರ ಸ್ವಲ್ಪ ಚಪ್ಪಟೆಯಾಗಿರುತ್ತದೆ. 100 ಮೈಕ್ರೋಲೀಟರ್ ದಾಟಿದರೆ ಗೋಲಿ ಬಿಲ್ಲೆಯಾಗುತ್ತದೆ. ಅಲ್ಲಿಂದ ಮುಂದೆ ಎಷ್ಟೇ ನೀರು ಸೇರಿಸಿದರೂ ಎತ್ತರ ಸುಮಾರು 5 ಮಿಲಿಮೀಟರಿನಲ್ಲಿಯೇ ನಿಂತು, ಅಗಲ ಮಾತ್ರ ಹೆಚ್ಚುತ್ತದೆ. ಮೊದಲ ಪ್ರಯೋಗಗಳಿಗೆ 5ರಿಂದ 20 ಮೈಕ್ರೋಲೀಟರ್ ಸೂಕ್ತ.

ಪುಡಿಯ ಆಯ್ಕೆ

ಟೆಫ್ಲಾನ್ ಪುಡಿ ಎಲ್ಲಕ್ಕಿಂತ ನಂಬಿಕೆಯದು. ಅದು ಬಿಳಿಯಾಗಿದ್ದು, ಬಹುತೇಕ ರಾಸಾಯನಿಕಗಳೊಂದಿಗೆ ವರ್ತಿಸುವುದಿಲ್ಲ, ಒತ್ತಡದ ಹಬೆಯಿಂದ ರೋಗಾಣುಗಳನ್ನು ಕೊಲ್ಲುವ ಆಟೋಕ್ಲೇವಿನಲ್ಲಿ ಶುದ್ಧಗೊಳಿಸಿದರೂ ಕೆಡುವುದಿಲ್ಲ. ಒಂದು ಮೈಕ್ರೋಮೀಟರಿನಿಂದ ನೂರರವರೆಗಿನ ಕಣಗಾತ್ರಗಳಲ್ಲಿ ರಾಸಾಯನಿಕ ವ್ಯಾಪಾರಿಗಳಲ್ಲಿ ಸಿಗುತ್ತದೆ. ನುಣ್ಣನೆಯ ಪುಡಿಯ ಕವಚ ತೆಳುವಾಗಿದ್ದು ಒಳಗಿನ ಬಣ್ಣವನ್ನು ತೋರುತ್ತದೆ. ದಪ್ಪ ಕಣಗಳ ಕವಚ ಒರಟಾದರೂ ತಯಾರಿಕೆ ಸುಲಭ.

ಲೈಕೋಪೋಡಿಯಂ ಪುಡಿಯನ್ನು ಕೊಳ್ಳುವ ಮುನ್ನ ಭೌತಶಾಸ್ತ್ರ ವಿಭಾಗದಲ್ಲಿ ಒಮ್ಮೆ ಕೇಳಿ ನೋಡಿ. ಲೇಸರ್ ಕಿರಣದ ವಿವರ್ತನೆಯಿಂದ ಕಣದ ಗಾತ್ರ ಅಳೆಯುವ ಪ್ರಯೋಗಕ್ಕೆಂದು ನಮ್ಮ ಅನೇಕ ಕಾಲೇಜುಗಳಲ್ಲಿ ಇದರ ಸಣ್ಣ ಶೀಶೆ ಇದ್ದೇ ಇರುತ್ತದೆ. ಇವು ಒಂದು ಜಾತಿಯ ಪಾಚಿಯಂತಹ ಸಸ್ಯದ ಬೀಜಕಣಗಳು. ಗಾತ್ರ ಸುಮಾರು 20ರಿಂದ 30 ಮೈಕ್ರೋಮೀಟರ್ ಇದ್ದು, ಎಲ್ಲ ಕಣಗಳೂ ಹೆಚ್ಚುಕಡಿಮೆ ಒಂದೇ ಅಳತೆಯವು. ಫ್ರಾನ್ಸಿನ ಮೊದಲ ಪ್ರಯೋಗಗಳಲ್ಲಿ ಬಳಸಿದ್ದು ಇದನ್ನೇ, ಆದರೆ ನೀರನ್ನು ದೂರವಿಡುವ ಸಿಲೇನ್ ಎಂಬ ರಾಸಾಯನಿಕದ ಲೇಪನ ಕೊಟ್ಟು. ಲೇಪನವಿಲ್ಲದ ಪುಡಿಯೂ ಪ್ರಾತ್ಯಕ್ಷಿಕೆಗೆ ಸಾಕಾಗುತ್ತದೆ. ಇದರ ದೋಷವೆಂದರೆ ಹಳದಿ ಬಣ್ಣ, ಕೆಲವರಿಗೆ ಅಲರ್ಜಿ, ಮತ್ತು ಗಾಳಿಯಲ್ಲಿ ತೂರಿದಾಗ ಭಗ್ಗನೆ ಹೊತ್ತಿಕೊಳ್ಳುವ ಸ್ವಭಾವ. ಹಿಂದೆ ರಂಗಭೂಮಿಯಲ್ಲಿ ಬೆಂಕಿಯ ಜ್ವಾಲೆ ಹಾರಿಸಲು ಇದನ್ನು ಬಳಸುತ್ತಿದ್ದರು ಎಂದರೆ ಸಾಕು, ಹತ್ತಿರದಲ್ಲಿ ಬರ್ನರ್ ಉರಿಯಬಾರದು.

ಜಲವಿಮುಖ ಸಿಲಿಕಾ ಪುಡಿಯ ಮೂಲಕಣಗಳು ನ್ಯಾನೋಮೀಟರ್ ಗಾತ್ರದವಾದ್ದರಿಂದ ಅದರ ಕವಚ ಬೆಳಕನ್ನು ಚೆನ್ನಾಗಿ ಬಿಡುತ್ತದೆ, ಗೋಲಿಯೂ ಗಟ್ಟಿ. ಆದರೆ ಈ ಪುಡಿ ತೀರಾ ಹಗುರ, ಉಸಿರು ತಾಗಿದರೂ ಹಾರುತ್ತದೆ, ಮುಖವಾಡವಿಲ್ಲದೆ ಮುಟ್ಟಬಾರದು. ಗ್ರಾಫೈಟ್ ಪುಡಿ ಅಗ್ಗ, ಮತ್ತು ಹನಿಯ ಮೇಲೆ ಚಕ್ಕೆಗಳಾಗಿ ಒಂದಕ್ಕೊಂದು ಹೊಂದಿಕೊಂಡು ಕೂರುತ್ತದೆ, ಆದರೆ ಒಳಗಿನದು ಏನೂ ಕಾಣದು. ಏನೂ ಕೊಳ್ಳದೆ ಪರೀಕ್ಷಿಸಿ ನೋಡಬೇಕೆಂದರೆ, ಮೇಣದಬತ್ತಿಯ ಜ್ವಾಲೆಯ ಮೇಲೆ ಪಿಂಗಾಣಿ ತಟ್ಟೆ ಹಿಡಿದು ಕಟ್ಟಿದ ಮಸಿ ಸಾಕು. ಅಕ್ಕಿ ಹಿಟ್ಟು, ರಾಗಿ ಹಿಟ್ಟು, ಸಾಮಾನ್ಯ ಸೀಮೆಸುಣ್ಣದ ಪುಡಿ ಇವು ನೀರನ್ನು ಹೀರುವ ಕಾರಣ ಬಳಕೆಗೆ ಬಾರವು. ಆಯಸ್ಕಾಂತದಿಂದ ಎಳೆಯಬೇಕಾದ ಗೋಲಿಗೆ ಮೇಲ್ಮೈಯನ್ನು ಜಲವಿಮುಖವಾಗಿಸಿದ ಮ್ಯಾಗ್ನಟೈಟ್, ಅಂದರೆ ಆಯಸ್ಕಾಂತಕ್ಕೆ ಅಂಟುವ ಕಪ್ಪು ಕಬ್ಬಿಣದ ಆಕ್ಸೈಡಿನ ಪುಡಿ ಬೇಕು.

ಗೋಲಿಯನ್ನು ತಯಾರಿಸುವ ಕ್ರಮ

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ: ಎರಡು ಪೆಟ್ರಿ ತಟ್ಟೆ, ಒಂದು ಸ್ವಚ್ಛ ಗಾಜಿನ ಹಲಗೆ, ಸಣ್ಣ ಪ್ಲಾಸ್ಟಿಕ್ ಚಮಚ, ಗ್ರಾಫ್ ಕಾಗದ, ಮುಖವಾಡ, ಕೈಗವಸು ಮತ್ತು ಮೈಕ್ರೋಪಿಪೆಟ್. ಪಿಪೆಟ್ ಇಲ್ಲದಿದ್ದರೆ ಔಷಧಿ ಅಂಗಡಿಯ ಇನ್ಸುಲಿನ್ ಸಿರಿಂಜು ಆಗುತ್ತದೆ, ಆದರೆ ಅದರ ಗುರುತನ್ನು ನೋಡಿಕೊಳ್ಳಬೇಕು. ಕಿತ್ತಳೆ ಮುಚ್ಚಳದ ಯು-100 ಸಿರಿಂಜಿನಲ್ಲಿ ಒಂದು ಯೂನಿಟ್ ಎಂದರೆ 10 ಮೈಕ್ರೋಲೀಟರ್, ಕೆಂಪು ಮುಚ್ಚಳದ ಯು-40ರಲ್ಲಿ ಅದೇ ಒಂದು ಯೂನಿಟ್ 25 ಮೈಕ್ರೋಲೀಟರ್.

ಮೊದಲನೆಯದಾಗಿ ಪುಡಿಯನ್ನು ಒಣಗಿಸಿ. ತೇವ ಹೀರುವ ವಸ್ತುವನ್ನಿಟ್ಟ ಮುಚ್ಚಿದ ಗಾಜಿನ ಪಾತ್ರೆಯಾದ ಡೆಸಿಕೇಟರಿನಲ್ಲಿ ಒಂದು ರಾತ್ರಿ ಇಟ್ಟರೆ ಸಾಕು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಈ ಹಂತವನ್ನು ಬಿಡಲೇಬಾರದು, ಏಕೆಂದರೆ ತೇವದಿಂದ ಗಂಟುಕಟ್ಟಿದ ಪುಡಿ ಹನಿಯ ಮೈಮೇಲೆ ತೇಪೆ ತೇಪೆಯಾಗಿ ಕೂತು ನಡುವೆ ಬರಿದಾದ ಜಾಗಗಳನ್ನು ಉಳಿಸುತ್ತದೆ. ಗಂಟುಗಳಿದ್ದರೆ ಸಣ್ಣ ಕಣ್ಣಿನ ಜರಡಿಯಲ್ಲಿ ನಿಧಾನವಾಗಿ ಜರಡಿ ಹಿಡಿಯಿರಿ.

ಎರಡನೆಯದಾಗಿ ಪೆಟ್ರಿ ತಟ್ಟೆಯಲ್ಲಿ ಪುಡಿಯನ್ನು ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಹರಡಿ, ಒತ್ತದೆ, ನಡುವೆ ಸಣ್ಣ ತಗ್ಗು ಮಾಡಿ. ಬೀಸಣಿಗೆ ಮತ್ತು ಏಸಿ ನಿಲ್ಲಿಸಿರಬೇಕು.

ಮೂರನೆಯದು ಹನಿ ಇಳಿಸುವುದು. ಪಿಪೆಟ್ಟಿನ ತುದಿಯಿಂದ 10 ಮೈಕ್ರೋಲೀಟರ್ ಹನಿ ತನ್ನ ತೂಕದಿಂದಲೇ ಕಳಚಿ ಬೀಳುವುದಿಲ್ಲ, ತುದಿಯಲ್ಲಿ ಜೋತು ನಿಲ್ಲುತ್ತದೆ. ಆದ್ದರಿಂದ ತುದಿಯನ್ನು ಪುಡಿಯ ಸಮೀಪಕ್ಕೆ ತಂದು, ಹನಿಯ ಬುಡ ಪುಡಿಗೆ ತಾಗಿದ ಮೇಲೆ, ಪಿಪೆಟ್ಟನ್ನು ಚುರುಕಾಗಿ ಪಕ್ಕಕ್ಕೆ ಎಳೆದುಕೊಳ್ಳಬೇಕು. ಇನ್ಸುಲಿನ್ ಸೂಜಿಯ ತುದಿ ತೀರಾ ಸಣ್ಣದಾದ್ದರಿಂದ ಕೆಲವೇ ಮೈಕ್ರೋಲೀಟರಿನ ಹನಿ ತಾನಾಗಿ ಕಳಚುತ್ತದೆ. ದೊಡ್ಡ ಗೋಲಿ ಬೇಕಾದರೆ ಅದೇ ಜಾಗಕ್ಕೆ ಎರಡು ಮೂರು ಹನಿಗಳನ್ನು ಬೀಳಿಸಿ ಒಂದಾಗಲು ಬಿಡಿ. ಒಂದು ಸೆಂಟಿಮೀಟರಿಗಿಂತ ಹೆಚ್ಚು ಎತ್ತರದಿಂದ ಬೀಳಿಸಿದರೆ ಪುಡಿ ಎರಚಿಹೋಗಿ ಹನಿ ತಟ್ಟೆಯ ಗಾಜನ್ನು ಮುಟ್ಟುವ ಸಂಭವವಿದೆ.

ನಾಲ್ಕನೆಯದಾಗಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ವೃತ್ತಾಕಾರವಾಗಿ ಓರೆ ಮಾಡುತ್ತ ಹನಿಯನ್ನು ಉರುಳಿಸಿ. ಕೇವಲ ಹಿಂದೆ ಮುಂದೆ ಆಡಿಸಿದರೆ ಹನಿಯ ಸುತ್ತ ಪಟ್ಟಿಯಷ್ಟೇ ಭಾಗ ಮುಚ್ಚಿಕೊಂಡು ಎರಡು ಪಕ್ಕಗಳು ಬರಿದಾಗಿ ಉಳಿಯುತ್ತವೆ. ಹತ್ತು ಹದಿನೈದು ಸೆಕೆಂಡುಗಳಲ್ಲಿ ಹೊಳಪೆಲ್ಲ ಮಾಯವಾಗಿ ಮೈ ಮಂಕಾಗುತ್ತದೆ. ಎಲ್ಲಿಯಾದರೂ ಹೊಳಪು ಉಳಿದಿದ್ದರೆ ಅಲ್ಲಿ ಪುಡಿ ಕೂತಿಲ್ಲ ಎಂದರ್ಥ, ಅದಕ್ಕೆ ಇನ್ನೊಂದು ಸುತ್ತು ಬೇಕು.

ಐದನೆಯದು ಎತ್ತುವುದು. ಚಮಚವನ್ನು ಅದೇ ಪುಡಿಯಲ್ಲಿ ಒಮ್ಮೆ ಅದ್ದಿ, ಗೋಲಿಯ ಪಕ್ಕದಲ್ಲಿಟ್ಟು, ತಟ್ಟೆಯನ್ನು ವಾಲಿಸಿ ಗೋಲಿಯೇ ಚಮಚದೊಳಕ್ಕೆ ಉರುಳುವಂತೆ ಮಾಡಿ. ಚಿಮಟದಿಂದ ಹಿಡಿಯಬೇಡಿ. ಆಮೇಲೆ ಗಾಜಿನ ಹಲಗೆಯ ಮೇಲೆ ಒಂದೆರಡು ಅಂಗುಲ ಉರುಳಿಸಿದರೆ ಸಡಿಲವಾಗಿ ಅಂಟಿದ ಹೆಚ್ಚುವರಿ ಪುಡಿ ಉದುರುತ್ತದೆ. ಗೋಲಿ ಸಾಗಿದ ದಾರಿಯಲ್ಲಿ ಒದ್ದೆಯ ಗುರುತು ಕಂಡರೆ ಕವಚ ಪೂರ್ಣವಾಗಿಲ್ಲ, ಅದನ್ನು ಮತ್ತೆ ಪುಡಿಗೆ ಹಾಕಿ.

ಎಲ್ಲ ದ್ರವಗಳೂ ಗೋಲಿಯಾಗುವುದಿಲ್ಲ. ನೀರು, ಉಪ್ಪಿನ ದ್ರಾವಣ, ಗ್ಲಿಸರಿನ್ ಚೆನ್ನಾಗಿ ಬರುತ್ತವೆ. ಮದ್ಯಸಾರದ ಮೇಲ್ಮೈ ಎಳೆತ ಮೀಟರಿಗೆ ಸುಮಾರು 22 ಮಿಲಿನ್ಯೂಟನ್ ಮಾತ್ರವಾದ್ದರಿಂದ ಅದು ಸಾಮಾನ್ಯ ಪುಡಿಗಳನ್ನು ನೆನೆಸಿ ಒಳಹೊಕ್ಕುಬಿಡುತ್ತದೆ. ಸಾಬೂನು ಅಥವಾ ಡಿಟರ್ಜೆಂಟಿನ ಲೇಶ ಸೇರಿದ್ದರೂ ಇದೇ ಗತಿ, ಹಾಗಾಗಿ ಪಾತ್ರೆಗಳನ್ನು ತೊಳೆದ ಮೇಲೆ ಬಟ್ಟಿಯಿಳಿಸಿದ ನೀರಿನಲ್ಲಿ ಹಲವು ಬಾರಿ ಜಾಲಿಸಿ.

ಆವಿಯಾಗುವಿಕೆ ಎಂಬ ಗಡಿಯಾರ

ಕವಚ ದ್ರವವನ್ನು ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ಈ ಒಂದು ಸಂಗತಿಯೇ ದ್ರವಗೋಲಿಯ ಅತಿದೊಡ್ಡ ಮಿತಿ, ಮತ್ತು ಮುಂದೆ ಕಾಣುವಂತೆ ಅದರ ಬಲವೂ ಹೌದು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶೇಕಡಾ 50ರ ಆರ್ದ್ರತೆಯಲ್ಲಿ 10 ಮೈಕ್ರೋಲೀಟರಿನ ಗೋಲಿ ಒಣಗಲು ಒಂದು ಗಂಟೆಯ ಆಸುಪಾಸು ಹಿಡಿಯುತ್ತದೆ. ಈ ಅವಧಿ ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ ಒಂದು ಮೈಕ್ರೋಲೀಟರಿನ ಗೋಲಿಗೆ ಸಿಗುವುದು ಸುಮಾರು ಕಾಲು ಗಂಟೆ ಮಾತ್ರ. ನೀರು ಕಡಿಮೆಯಾದಂತೆ ಕವಚದ ವಿಸ್ತೀರ್ಣ ಕುಗ್ಗುವುದಿಲ್ಲವಾದ ಕಾರಣ ಮೈ ಸುಕ್ಕುಗಟ್ಟಿ ತಲೆಭಾಗ ಒಳಕ್ಕೆ ಕುಸಿಯುತ್ತದೆ. ಇದಕ್ಕೆ ಪರಿಹಾರ ಸರಳ. ಮುಚ್ಚಳವಿರುವ ಪೆಟ್ರಿ ತಟ್ಟೆಯ ಅಂಚಿನಲ್ಲಿ ಒದ್ದೆ ಹತ್ತಿಯ ಸುರುಳಿಯಿಟ್ಟು, ನಡುವೆ ಗೋಲಿಯನ್ನಿಟ್ಟರೆ ಗಂಟೆಗಟ್ಟಲೆ ಉಳಿಯುತ್ತದೆ. ತೂಕದ ಮೂಲಕ ನಷ್ಟವನ್ನು ಅಳೆಯಲು 0.1 ಮಿಲಿಗ್ರಾಂ ತೋರಿಸುವ ತಕ್ಕಡಿ ಸಾಕು, ಏಕೆಂದರೆ 10 ಮೈಕ್ರೋಲೀಟರ್ ನೀರಿನ ತೂಕ 10 ಮಿಲಿಗ್ರಾಂ. ತಕ್ಕಡಿಯಿಲ್ಲದವರು ಗ್ರಾಫ್ ಕಾಗದವನ್ನು ಹಿಂದೆ ನಿಲ್ಲಿಸಿ, ಮೊಬೈಲ್ ಕ್ಯಾಮೆರಾದಿಂದ ಪಕ್ಕದ ನೋಟವನ್ನು ಐದು ನಿಮಿಷಕ್ಕೊಮ್ಮೆ ತೆಗೆದು ಎತ್ತರವನ್ನು ಗುರುತು ಹಾಕಿಕೊಳ್ಳಬಹುದು.

ಸಾಗಿಸುವುದು, ತೆರೆಯುವುದು, ಬೆರೆಸುವುದು

ಓರೆ ಹಲಗೆಯ ಮೇಲೆ ಗೋಲಿ ತಾನೇ ಸಾಗುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಗ್ಲಿಸರಿನ್ನಿನಂತಹ ಮಂದ ದ್ರವದ ಚಿಕ್ಕ ಗೋಲಿಗಳಲ್ಲಿ, ಗಾತ್ರ ಕಿರಿದಾದಷ್ಟೂ ವೇಗ ಹೆಚ್ಚು. ಎಲ್. ಮಹಾದೇವನ್ ಮತ್ತು ಈವ್ ಪೊಮೊ 1999ರಲ್ಲಿ ಸಿದ್ಧಾಂತದಿಂದ ಹೇಳಿದ ಈ ವಿಚಿತ್ರವನ್ನು ದ್ರವಗೋಲಿಗಳೇ ಪ್ರಯೋಗದಲ್ಲಿ ತೋರಿಸಿಕೊಟ್ಟವು. ಕಾರಣವೆಂದರೆ ಚಿಕ್ಕ ಗೋಲಿ ನೆಲವನ್ನು ಮುಟ್ಟುವ ಚಪ್ಪಟೆ ಭಾಗ ಅದರ ಗಾತ್ರಕ್ಕೆ ಹೋಲಿಸಿದರೆ ಬಹಳ ಕಿರಿದು, ಮತ್ತು ಘರ್ಷಣೆಯಲ್ಲಿ ಶಕ್ತಿ ನಷ್ಟವಾಗುವುದು ಮುಖ್ಯವಾಗಿ ಆ ಭಾಗದ ಸಮೀಪದಲ್ಲಿ. ತರಗತಿಯಲ್ಲಿ ಎರಡು ಗಾತ್ರದ ಗ್ಲಿಸರಿನ್ ಗೋಲಿಗಳನ್ನು ಅಲ್ಪ ಇಳಿಜಾರಿನಲ್ಲಿ ಬಿಟ್ಟು ತೋರಿಸಲು ತಕ್ಕ ಪ್ರಯೋಗವಿದು.

ಕರಾರುವಾಕ್ಕಾಗಿ ಸಾಗಿಸಬೇಕಾದಲ್ಲಿ ಆಯಸ್ಕಾಂತವೇ ಮೇಲು. ಮ್ಯಾಗ್ನಟೈಟ್ ಕವಚದ ಗೋಲಿಯನ್ನು ತೆಳುವಾದ ಗಾಜಿನ ಮೇಲಿಟ್ಟು, ಕೆಳಗಿನಿಂದ ನಿಯೋಡಿಮಿಯಂ ಆಯಸ್ಕಾಂತವನ್ನು ನಿಧಾನವಾಗಿ ಸರಿಸಿದರೆ ಗೋಲಿ ಹಿಂಬಾಲಿಸುತ್ತದೆ. ಆಯಸ್ಕಾಂತವನ್ನು ಇನ್ನೂ ಹತ್ತಿರಕ್ಕೆ ತಂದರೆ ಪುಡಿಯೆಲ್ಲ ಬುಡದತ್ತ ಜಾರಿ ಗೋಲಿಯ ನೆತ್ತಿ ತೆರೆದುಕೊಳ್ಳುತ್ತದೆ, ಒಳಗಿನ ದ್ರವ ಕಣ್ಣಿಗೆ ಕಾಣುತ್ತದೆ. ದೂರ ಒಯ್ದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದಲ್ಲಿ ಅತ್ಯಂತ ಉಪಯುಕ್ತವಾದ ಗುಣವಿದು, ಏಕೆಂದರೆ ತೆರೆದ ನೆತ್ತಿಯಿಂದ ಮಾದರಿಯನ್ನು ತೆಗೆಯಬಹುದು, ಕಾರಕವನ್ನು ಸೇರಿಸಬಹುದು, ಬಣ್ಣವನ್ನು ಅಳೆಯಬಹುದು. ಕಪ್ಪು ಪುಡಿಯ ದೋಷವೂ ಇಲ್ಲಿ ದೋಷವಾಗಿ ಉಳಿಯುವುದಿಲ್ಲ.

ಆಯಸ್ಕಾಂತೀಯವಲ್ಲದ ಗೋಲಿಗೆ ದ್ರವ ಸೇರಿಸಲು ಸೂಜಿಯನ್ನೇ ನೆತ್ತಿಯಿಂದ ಒಳಕ್ಕೆ ತೂರಿಸಬಹುದು. ಸೂಜಿಯನ್ನು ನೆಟ್ಟಗೆ ಇಳಿಸಿ, ನಿಧಾನವಾಗಿ ದ್ರವ ಬಿಟ್ಟು, ನೆಟ್ಟಗೇ ಹಿಂತೆಗೆದರೆ ಕಣಗಳು ಸರಿದು ರಂಧ್ರ ಮುಚ್ಚುತ್ತದೆ. ಸೇರಿಸಿದ ಪ್ರಮಾಣ ಹೆಚ್ಚಾದರೆ ಮೇಲ್ಮೈ ಹಿಗ್ಗಿ ಪುಡಿ ಸಾಲದೆ ಹೋಗುತ್ತದೆ, ಆಗ ಪುಡಿಯಲ್ಲಿ ಇನ್ನೊಮ್ಮೆ ಹೊರಳಿಸಿ. ಎರಡು ಗೋಲಿಗಳನ್ನು ಒಂದಾಗಿಸುವುದು ಇದಕ್ಕಿಂತ ಕಷ್ಟ. ಸುಮ್ಮನೆ ತಾಗಿಸಿದರೆ ಎರಡೂ ಕವಚಗಳು ಅಡ್ಡ ನಿಲ್ಲುತ್ತವೆ, ಒತ್ತಿ ಹಿಡಿದಾಗ ಅಥವಾ ಒಂದನ್ನು ಇನ್ನೊಂದರ ಮೇಲೆ ಬೀಳಿಸಿದಾಗ ಮಾತ್ರ ಬೆರೆಯುತ್ತವೆ.

ಮೂರು ಬಳಕೆಗಳು

ಮೊದಲು ಅನಿಲದ ಪತ್ತೆಯನ್ನು ಮಾಡಿ ನೋಡಿ, ಇದಕ್ಕೆ ಖರ್ಚು ಕಡಿಮೆ. ಆವಿ ಹೊರಗೆ ಹೋಗುವ ದಾರಿಯಲ್ಲಿಯೇ ಅನಿಲ ಒಳಗೆ ಬರುತ್ತದೆ. ಬ್ರೋಮೋಥೈಮಾಲ್ ಬ್ಲೂ ಸೂಚಕದ ತೆಳು ಜಲದ್ರಾವಣಕ್ಕೆ ಹಳದಿ ಬರುವವರೆಗೆ ಅತಿ ದುರ್ಬಲ ಆಮ್ಲ ಸೇರಿಸಿ, ನುಣ್ಣನೆಯ ಟೆಫ್ಲಾನ್ ಪುಡಿಯಲ್ಲಿ 10 ಮೈಕ್ರೋಲೀಟರಿನ ಗೋಲಿ ಮಾಡಿ. ಅದನ್ನು ಮುಚ್ಚಿದ ತಟ್ಟೆಯಲ್ಲಿಟ್ಟು ಪಕ್ಕಕ್ಕೆ ದುರ್ಬಲ ಅಮೋನಿಯಾ ದ್ರಾವಣದ ಒಂದು ಹನಿ ಇಡಿ. ಗೋಲಿ ಹಸಿರಿನ ಮೂಲಕ ನೀಲಿಗೆ ತಿರುಗುತ್ತದೆ. ತಟ್ಟೆಯ ಕೆಳಗಿನಿಂದ ನೋಡಿದರೆ ಬಣ್ಣ ಸ್ಪಷ್ಟ. ಆಮ್ಲ ಹೆಚ್ಚಾಗಿದ್ದರೆ ಬದಲಾವಣೆ ತಡವಾಗುತ್ತದೆ, ಆದ್ದರಿಂದ ಹಳದಿ ಕಂಡೊಡನೆ ನಿಲ್ಲಿಸಿ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ವೇ ಶೆನ್ ಅವರ ತಂಡ 2010ರಲ್ಲಿ ಇಂತಹ ಅನಿಲ ಸಂವೇದಿ ಗೋಲಿಗಳನ್ನು ವರದಿ ಮಾಡಿತು.

ಅದೇ ತಂಡ 2012ರಲ್ಲಿ ರಕ್ತದ ಗುಂಪನ್ನು ಗುರುತಿಸಲೂ ಗೋಲಿಯನ್ನು ಬಳಸಿತು. ರಕ್ತದ ಗೋಲಿಗೆ ಪ್ರತಿಕಾಯದ ದ್ರಾವಣವನ್ನು ಸೂಜಿಯಿಂದ ಸೇರಿಸಿದಾಗ ಗುಂಪು ಹೊಂದಿದರೆ ಕೆಂಪು ಕಣಗಳು ಮುದ್ದೆಗಟ್ಟಿ ಕೆಳಗಿಳಿಯುತ್ತವೆ, ಗೋಲಿಯ ಮೇಲ್ಭಾಗ ತಿಳಿಯಾಗುತ್ತದೆ. ಹೊಂದದಿದ್ದರೆ ಗೋಲಿ ಏಕರೂಪವಾಗಿ ಕೆಂಪಾಗಿಯೇ ಉಳಿಯುತ್ತದೆ. ರಕ್ತವನ್ನು ಮುಟ್ಟುವ ಈ ಪ್ರಯೋಗ ತರಬೇತಿ ಪಡೆದವರ ಮೇಲ್ವಿಚಾರಣೆಯಲ್ಲಿ, ಜೈವಿಕ ತ್ಯಾಜ್ಯ ವಿಲೇವಾರಿಯ ಏರ್ಪಾಡಿರುವಲ್ಲಿ ಮಾತ್ರ ನಡೆಯಬೇಕು. ರೋಗಿಗೆ ರಕ್ತ ಕೊಡುವ ತೀರ್ಮಾನಕ್ಕೆ ಇದನ್ನು ಆಧಾರವಾಗಿಸಬಾರದು.

ಮೂರನೆಯದು ಜೀವಕೋಶಗಳ ಕೃಷಿ. ಪ್ಲಾಸ್ಟಿಕ್ ತಟ್ಟೆಯಲ್ಲಿ ಕೋಶಗಳು ತಳಕ್ಕೆ ಅಂಟಿ ಚಪ್ಪಟೆಯಾಗಿ ಹರಡುತ್ತವೆ. ಟೆಫ್ಲಾನ್ ಕವಚಕ್ಕೆ ಅವು ಅಂಟಲಾರವು, ಹಾಗಾಗಿ ಒಂದನ್ನೊಂದು ಹಿಡಿದುಕೊಂಡು ಮೂರು ಆಯಾಮದ ಉಂಡೆಯಾಗುತ್ತವೆ, ಮತ್ತು ಅಂಗಾಂಶದೊಳಗಿನ ಸ್ಥಿತಿಗೆ ಈ ಉಂಡೆ ಹೆಚ್ಚು ಹತ್ತಿರ. ಬ್ರಿಸ್ಬೇನಿನ ಗ್ರಿಫಿತ್ ವಿಶ್ವವಿದ್ಯಾಲಯದಲ್ಲಿ ಮೂಗಿನ ಘ್ರಾಣನರಗಳನ್ನು ಸುತ್ತುವರಿಯುವ ಕೋಶಗಳನ್ನು ಹೀಗೆ ಬೆಳೆಸಿದಾಗ ಗೋಲಿಗಳನ್ನು ನೀರಿನಂತಹ ದ್ರವದ ಮೇಲೆ ತೇಲಿಸಿದರು. ತೇಲುವ ಗೋಲಿಯ ಸುತ್ತಲಿನ ಗಾಳಿ ತೇವವಾಗಿರುತ್ತದೆ, ಆವಿಯಾಗುವಿಕೆ ತಗ್ಗುತ್ತದೆ, ಮತ್ತು ಗೋಲಿ ಅಲುಗಾಡುವುದರಿಂದ ಕೋಶಗಳು ಒಟ್ಟುಗೂಡಲು ಅನುಕೂಲವಾಗುತ್ತದೆ. ಮಾಡುವವರು ಪುಡಿಯನ್ನು ಮೊದಲೇ ಶುದ್ಧಗೊಳಿಸಿ, 37 ಡಿಗ್ರಿ ಮತ್ತು ಶೇಕಡಾ 5ರ ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿನಲ್ಲಿ ಮುಚ್ಚಳ ಹಾಕಿ ಇಡಬೇಕು. ನೀರಿನ ಮೇಲೆ ಇಳಿಸುವಾಗ ಚಮಚವನ್ನು ಮೇಲ್ಮೈಗೆ ತಾಗಿಸಿ ಗೋಲಿಯನ್ನು ಜಾರಿಸಿ. ಬೀಳಿಸಿದರೆ ನಡುವಿನ ಗಾಳಿಯ ಪದರ ಹರಿದು ಗೋಲಿ ಒಡೆಯುತ್ತದೆ.

ಯಾವುದಕ್ಕೆ ಬಳಸಬಾರದು ಎಂಬುದನ್ನೂ ಹೇಳಬೇಕು. ಸೆಕೆಂಡಿಗೆ ಸಾವಿರಾರು ಹನಿ ಬೇಕಾದ ಕೆಲಸಕ್ಕೆ ಕಾಲುವೆಯ ಚಿಪ್ಪೇ ಸರಿ, ಕೈಯಲ್ಲಿ ಉರುಳಿಸಿದ ಗೋಲಿ ಅದರ ಹತ್ತಿರವೂ ಸುಳಿಯದು. ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್‌ನಂತೆ ದ್ರವವನ್ನು ಮತ್ತೆ ಮತ್ತೆ 95 ಡಿಗ್ರಿಗೆ ಕಾಯಿಸುವ ಕ್ರಮದಲ್ಲಿ ಬರಿಯ ಪುಡಿಯ ಕವಚದ ಗೋಲಿ ಒಣಗಿಹೋಗುತ್ತದೆ. ಪುಡಿಯನ್ನೇ ನೆನೆಸುವ ಅಥವಾ ಕರಗಿಸುವ ದ್ರವವಿದ್ದರೆ ಪ್ರಯತ್ನವೇ ಬೇಡ.

ಸ್ವಚ್ಛತೆ ಮತ್ತು ವಿಲೇವಾರಿ

ಬಳಸಿದ ಗೋಲಿಯನ್ನು ಹೀರುಕಾಗದದ ಮೇಲೆ ಒಡೆದು, ಒಳಗಿನ ದ್ರವದ ಸ್ವಭಾವಕ್ಕೆ ತಕ್ಕ ತ್ಯಾಜ್ಯದ ಡಬ್ಬಿಗೆ ಹಾಕಿ. ಪುಡಿಯನ್ನು ಸಿಂಕಿಗೆ ತೊಳೆಯಬೇಡಿ. ಅದು ನೀರಿನೊಂದಿಗೆ ಬೆರೆಯದೆ ಮೇಲೆ ತೇಲಿ ಕೊಳವೆಯಲ್ಲಿ ಕೂರುತ್ತದೆ. ಟೆಫ್ಲಾನ್ ಪುಡಿ ಅಂಟಿದ ಯಾವುದನ್ನೂ ಬಿಸಿ ತಟ್ಟೆಯ ಮೇಲಾಗಲಿ ಜ್ವಾಲೆಯ ಹತ್ತಿರವಾಗಲಿ ಇಡಬಾರದು, ಅತಿಯಾಗಿ ಕಾದಾಗ ಅದರಿಂದ ವಿಷಕಾರಿ ಹೊಗೆ ಬರುತ್ತದೆ. ಮೇಜನ್ನು ಒಣ ಬಟ್ಟೆಯಿಂದ ಗುಡಿಸಿದರೆ ಪುಡಿ ಗಾಳಿಗೇಳುತ್ತದೆ, ಹಾಗಾಗಿ ಸಾಬೂನು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ. ತಟ್ಟೆಯಲ್ಲಿ ಉಳಿದ ಪುಡಿ ಒಣಗಿದ್ದು, ಬಣ್ಣ ತಾಗದೆ ಇದ್ದರೆ ಜರಡಿ ಹಿಡಿದು ಮುಂದಿನ ಬಳಕೆಗೆ ಎತ್ತಿಡಬಹುದು, ಆದರೆ ಅದನ್ನು ಹೊಸ ಪುಡಿಯ ಶೀಶೆಗೆ ಮರಳಿ ಸುರಿಯದೆ ಬೇರೆ ಡಬ್ಬಿಯಲ್ಲಿ, ದಿನಾಂಕ ಮತ್ತು ಒಳಗಿದ್ದ ದ್ರವದ ಹೆಸರು ಬರೆದು ಇಡಿ.